ಬಾಳೆಲೆಯ ಆಚೆಗಿನ ಚಹಾ

ದೀಪಾವಳಿ ಹತ್ತಿರವಾದಂತೆ ಸೀವುಡ್ಸಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಚಹಾದ ಉಡುಗೊರೆ ಪೆಟ್ಟಿಗೆಗಳು ಮೇಲೇರತೊಡಗುತ್ತವೆ. ಮೊದಲು ಸೋನ್‌ಪಾಪಡಿ ಬರುತ್ತಿದ್ದ ಜಾಗಕ್ಕೆ ಈಗ ಡಾರ್ಜಿಲಿಂಗ್, ನೀಲಗಿರಿ, ಬಿಳಿ ಚಹಾ, ದಾಸವಾಳದ ಚಹಾ. ಜತೆಗೊಂದು ಚೀಟಿ: ಯಾವ ತಿನಿಸಿಗೆ ಯಾವ ಚಹಾ ಹೊಂದುತ್ತದೆ ಎಂಬ ಸಲಹೆ. ಹಬ್ಬದೂಟದ ಜತೆಗೇ ಚಹಾ ಬಡಿಸುವ ಮಾತನ್ನು ನಮ್ಮ ಕನ್ನಡ ಮನೆಗಳ ಮಕ್ಕಳೂ ಆಡುತ್ತಾರೆ. ಹಿರಿಯರಿಗೆ ಅದು ಅಪಚಾರವೆನಿಸುತ್ತದೆ. ನನಗೆ ಇದರಲ್ಲಿ ಇತಿಹಾಸದ ಪ್ರಶ್ನೆಯೊಂದು ಕಾಣುತ್ತದೆ. ಊಟಕ್ಕೆ ತಕ್ಕ ಪಾನೀಯ ಯಾವುದು ಎಂಬ ಯೋಚನೆ ನಮ್ಮಲ್ಲಿ ಬಹಳ ಹಳೆಯದು. ಹೊಸತು ಚಹಾ ಮಾತ್ರ.

12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದಂತೆ ಪಾನೀಯಭೋಗಕ್ಕೂ ಬೇರೆಯದೇ ಅಧ್ಯಾಯವಿದೆ. ಯಾವ ಋತುವಿಗೆ ಎಲ್ಲಿಯ ನೀರು, ಅದಕ್ಕೆ ಪರಿಮಳ ಕೂಡಿಸುವುದು ಹೇಗೆ ಎಂಬುದನ್ನೆಲ್ಲ ಅಲ್ಲಿ ವಿವರಿಸಲಾಗಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಕನ್ನಡದಲ್ಲೇ ಬರೆದ ‘ಸೂಪಶಾಸ್ತ್ರ’ವೂ ಪಾನಕಗಳಿಗೆ ಪ್ರತ್ಯೇಕ ಜಾಗ ಕೊಟ್ಟಿದೆ. ಈ ಪುಸ್ತಕಗಳ ಲೋಕದಲ್ಲಿ ಚಹಾ ಇಲ್ಲ, ಕಾಫಿಯೂ ಇಲ್ಲ. ಕುಡಿಯುವುದನ್ನು ತಿನ್ನುವುದಕ್ಕೆ ಹೊಂದಿಸುವ ಜಾಣ್ಮೆ ಮಾತ್ರ ಧಾರಾಳವಾಗಿದೆ.

ಆ ಜಾಣ್ಮೆಯನ್ನು ನಾನು ಪುಸ್ತಕಕ್ಕಿಂತ ಮೊದಲು ಅಡುಗೆಮನೆಯಲ್ಲಿ ಕಂಡೆ. ನನ್ನ ತವರು ಕುಂದಾಪುರದ ಕಡೆ, ಗಂಡನ ಮನೆ ಧಾರವಾಡ. ಹೋಳಿಗೆಗೆ ಬೇಯಿಸಿದ ಕಡಲೆಬೇಳೆಯ ಕಟ್ಟನ್ನು ಅತ್ತೆ ಚೆಲ್ಲುವುದಿಲ್ಲ. ಹುಣಸೆಹಣ್ಣು, ಮಸಾಲೆ ಪುಡಿ, ಒಗ್ಗರಣೆ ಹಾಕಿದರೆ ಅದೇ ಕಟ್ಟಿನ ಸಾರು. ಸಿಹಿ, ತುಪ್ಪ ತಿಂದು ಜಡವಾದ ನಾಲಿಗೆಯನ್ನು ಹುಳಿ-ಖಾರದ ಬಿಸಿ ಸಾರು ಮತ್ತೆ ಎಚ್ಚರಿಸುತ್ತದೆ, ಮುಂದಿನ ಹೋಳಿಗೆಗೆ ದಾರಿ ಮಾಡಿಕೊಡುತ್ತದೆ. ನಮ್ಮ ಎದುರುಮನೆಯ ಮರಾಠಿ ಕಾಕು ಇದನ್ನೇ ‘ಕಟಾಚಿ ಆಮ್ಟಿ’ ಎನ್ನುತ್ತಾರೆ. ತವರಿನಲ್ಲಾದರೆ ಊಟದ ಕೊನೆಗೆ ಶುಂಠಿ, ಕರಿಬೇವು ಜಜ್ಜಿ ಹಾಕಿದ ಮಜ್ಜಿಗೆ. ಉಡುಗೊರೆ ಪೆಟ್ಟಿಗೆಯ ಚೀಟಿ ಹೇಳುವ ಕೆಲಸವನ್ನು ಇವೆರಡೂ ಯಾವತ್ತಿನಿಂದಲೋ ಮಾಡುತ್ತ ಬಂದಿವೆ.

ಹಾಗಾದರೆ ಚಹಾ ಬಂದದ್ದು ಯಾವಾಗ? 1823ರಲ್ಲಿ ರಾಬರ್ಟ್ ಬ್ರೂಸ್ ಅಸ್ಸಾಮಿನಲ್ಲಿ ಚಹಾ ಗಿಡಗಳನ್ನು ಗುರುತಿಸಿದ. 1839ರಲ್ಲಿ ಅಲ್ಲಿಯ ಚಹಾ ಲಂಡನ್ನಿನಲ್ಲಿ ಹರಾಜಾಯಿತು. ಮುಂದೆ ಹಲವು ದಶಕ ನಮ್ಮ ಬೆಟ್ಟಗಳಲ್ಲಿ ಬೆಳೆದ ಎಲೆ ಹೆಚ್ಚಾಗಿ ಹಡಗು ಹತ್ತಿ ಹೋಯಿತು. ಬೆಳೆದವರಿಗೆ ಇಲ್ಲಿಯ ಜನ ಗಿರಾಕಿಗಳಾಗಿ ಕಂಡದ್ದು ತಡವಾಗಿ. 1903ರ ಕಾಯ್ದೆಯಂತೆ ರಫ್ತಾಗುವ ಚಹಾದ ಮೇಲೆ ಕರ ಹಾಕಿ, ಆ ಹಣದಲ್ಲಿ ಪ್ರಚಾರ ನಡೆಸತೊಡಗಿದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹೊರಗಿನ ಬೇಡಿಕೆ ತಗ್ಗಿದಾಗ ಈ ಪ್ರಚಾರ ಬಿರುಸಾಯಿತು. ಸಂತೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ, ಕಾರ್ಖಾನೆಗಳಲ್ಲಿ ಚಹಾ ಕಾಯಿಸಿ ತೋರಿಸಿದರು, ದೇಶಭಾಷೆಗಳಲ್ಲಿ ಭಿತ್ತಿಪತ್ರ ಅಂಟಿಸಿದರು. ಅದೇ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದ ಸಿಟಿಸಿ ಯಂತ್ರ ಎಲೆಯನ್ನು ಹಿಂಡಿ, ಹರಿದು, ಉಂಡೆಗಟ್ಟಿಸಿತು. ಸ್ವಲ್ಪ ಪುಡಿಯಲ್ಲೇ ಗಾಢ ಬಣ್ಣದ ಹೆಚ್ಚು ಲೋಟ ಚಹಾ! ಮುಂದೆ ಬಡವರ ಕೈಗೂ ಅದು ಎಟಕುವಂತಾಯಿತು. ಒಪ್ಪದವರೂ ಇದ್ದರು. 1942ರಲ್ಲಿ ಸೆರೆಯಲ್ಲಿದ್ದು ಆರೋಗ್ಯದ ಕುರಿತು ಬರೆಯತೊಡಗಿದ ಗಾಂಧೀಜಿ, ಚರ್ಮ ಹದ ಮಾಡಲು ಬಳಸುವ ಟ್ಯಾನಿನ್ ಚಹಾದಲ್ಲೂ ಇದೆಯೆಂದು ಎಚ್ಚರಿಸಿದರು.

ಕನ್ನಡನಾಡು ಈ ಪಾನೀಯವನ್ನು ಒಂದೇ ಬಗೆಯಲ್ಲಿ ಬರಮಾಡಿಕೊಳ್ಳಲಿಲ್ಲ. ಬಾಬಾಬುಡನ್‌ಗಿರಿಯ ಕಥೆ ಹೇಳಿಕೊಂಡು ಬೆಳೆದ ಮೈಸೂರು ಸೀಮೆ ಕಾಫಿಯ ಪಕ್ಷ. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳು ಚಹಾದ ಪಕ್ಷ. ಅಲ್ಲಿಯ ‘ಚಹಾ’ ಎಂಬ ಮಾತು ಮರಾಠಿಯಲ್ಲೂ ಹಾಗೇ ಇದೆ. ಕರಾವಳಿಯ ನಮಗೆ ಅದು ಬರೀ ‘ಚಾ’. ನಮ್ಮ ಮನೆಯಲ್ಲಿ ಅತ್ತೆ ‘ಚಹಾ’ ಕುಡಿಯುತ್ತಾರೆ, ಅಮ್ಮ ‘ಚಾ’ ಕುಡಿಯುತ್ತಾರೆ, ಬೆಂಗಳೂರಿನ ನಾದಿನಿ ಬಂದರೆ ‘ಟೀ’ ಬೇಡವೆಂದು ಕಾಫಿ ಕೇಳುತ್ತಾಳೆ. ಪಾತ್ರೆ ಒಂದೇ, ಆಡಳಿತದ ಹಳೆಯ ಗಡಿಗಳು ಮೂರು.

ಮುಂಬಯಿಯಲ್ಲಿ ಚಹಾಕ್ಕೂ ಕನ್ನಡಿಗರಿಗೂ ಇರುವ ನಂಟು ಹೊಟೇಲಿನದು. ಕರಾವಳಿಯ ಹಳ್ಳಿಗಳಿಂದ ಹಡಗು ಹತ್ತಿ ಬಂದ ಹುಡುಗರು ಹಗಲೆಲ್ಲ ಲೋಟ ತೊಳೆದು, ಚಹಾ ಹಂಚಿ, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಕಥೆ ಓದುಗರಿಗೆ ಹೊಸತಲ್ಲ. ಎಷ್ಟೋ ಮನೆಗಳ ಅಜ್ಜಂದಿರ ಕಥೆ ಅದೇ. ಆದರೆ ಆ ಉಡುಪಿ ಹೊಟೇಲುಗಳು ಒಂದು ಗೆರೆ ಕಾಯ್ದುಕೊಂಡವು. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆಯೂಟವನ್ನೇ ನೋಡಿ: ಎಲೆಯ ಜತೆಗಿರುವುದು ಸಾರು, ಮಜ್ಜಿಗೆ. ಚಹಾ ತಿಂಡಿಯ ಸಂಗಾತಿಯೇ ಹೊರತು ಊಟದ್ದಲ್ಲ.

ಹಬ್ಬದ ದಿನ ಚಹಾಕ್ಕೆ ಜಾಗವೇ ಇಲ್ಲವೆಂದು ಇದರರ್ಥವಲ್ಲ. ಎಲ್ಲರೂ ನೋಡಿಯೂ ಯಾರೂ ಬರೆಯದ ಜಾಗವೊಂದು ಅದಕ್ಕಿದೆ. ಚೌತಿಯ ದಿನ ನೈವೇದ್ಯವಾಗುವ ತನಕ ಅಡುಗೆ ಮಾಡುವವರು ಏನೂ ತಿನ್ನುವಂತಿಲ್ಲ. ಕಾಯಿ ತುರಿಯುವುದು, ಹೂರಣ ರುಬ್ಬುವುದು, ಕಡುಬು ಕರಿಯುವುದು, ಇವೆಲ್ಲ ಬೆಳಗಿನ ನಾಲ್ಕು ಗಂಟೆಯಿಂದಲೇ. ಆ ಹೊತ್ತಿಗೆ ಒಲೆಯ ಮೂಲೆಯಲ್ಲಿ ಒಂದು ಲೋಟ ಚಹಾ ಇರುತ್ತದೆ. ಮಡಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟಾದ ಅತ್ತೆಯೂ ಇದಕ್ಕೆ ಅಡ್ಡಿ ಹೇಳಿದ್ದಿಲ್ಲ. ಚಹಾ ಎಷ್ಟು ಹೊಸತೆಂದರೆ, ಅದನ್ನು ನಿಷೇಧಿಸಲು ಹಳೆಯ ನಿಯಮಗಳಿಗೆ ಅದರ ಹೆಸರೇ ಗೊತ್ತಿರಲಿಲ್ಲ. ಹಾಗಾಗಿ ಶಾಸ್ತ್ರದ ಸಂದಿಯಲ್ಲಿ ತೂರಿಬಂದು, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸಿಗೆ ಅದು ಆಸರೆಯಾಯಿತು. ಊಟದ ಜತೆ ಅಲ್ಲ, ಊಟ ಸಿದ್ಧ ಮಾಡುವವಳ ಜತೆ ಚಹಾಕ್ಕೆ ಜೋಡಿಯಾಯಿತು.

ಈ ಜೋಡಿಯನ್ನು ಬಿಟ್ಟು ಚಹಾವನ್ನು ನೇರ ಎಲೆಯ ಬದಿಗೆ ತರುವ ಮೊದಲು ಇನ್ನೊಂದು ಮಾತು. ಟ್ಯಾನಿನ್ ಬಾಯಿಯನ್ನು ಒಗರಾಗಿಸಿ ತುಪ್ಪದ ಜಿಡ್ಡು ಕಳೆಯುತ್ತದೆ, ನಿಜ. ಚೀನಾದ ಕ್ಯಾಂಟನ್ ಕಡೆಯವರು ಜಿಡ್ಡಿನ ತಿನಿಸಿನೊಂದಿಗೆ ಪು-ಅರ್ ಚಹಾ ಕುಡಿಯುವುದು ಇದಕ್ಕೇ. ಆದರೆ ಅದೇ ಗುಂಪಿನ ಅಂಶಗಳು ಬೇಳೆ, ಸೊಪ್ಪುಗಳಲ್ಲಿನ ಕಬ್ಬಿಣವು ಮೈಗೆ ಹತ್ತದಂತೆ ತಡೆಯುತ್ತವೆ. ನಮ್ಮ ಹಬ್ಬದೂಟ ಪೂರ್ತಿ ಸಸ್ಯಾಹಾರ, ನಮ್ಮ ಹೆಂಗಸರಲ್ಲಿ ರಕ್ತಹೀನತೆ ಸಾಮಾನ್ಯ. ಊಟವಾಗಿ ಒಂದು ಗಂಟೆಯಾದರೂ ಕಳೆಯಲಿ ಎಂಬ ವೈದ್ಯರ ಮಾತು ಹಬ್ಬಕ್ಕೂ ಅನ್ವಯಿಸುತ್ತದೆ.

ಆದ್ದರಿಂದ ನಮ್ಮ ಮನೆಯಲ್ಲಿ ಪೆಟ್ಟಿಗೆ ತೆರೆಯುವುದು ಸಂಜೆ ನಾಲ್ಕಕ್ಕೆ. ಚಕ್ಕುಲಿ, ಕೋಡುಬಳೆಗೆ ಹಾಲು, ಶುಂಠಿ ಹಾಕಿದ ಗಟ್ಟಿ ಅಸ್ಸಾಂ. ಉಳಿದ ಹೋಳಿಗೆಗೆ ಹಾಲಿಲ್ಲದ ಡಾರ್ಜಿಲಿಂಗ್, ಸಕ್ಕರೆಯೂ ಬೇಡ, ಸಿಹಿ ಹೋಳಿಗೆಯಲ್ಲೇ ಇದೆ. ರವೆ ಉಂಡೆಗೆ ನೀಲಗಿರಿ, ಅಥವಾ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನದು. ಕಾಫಿ ಜಿಲ್ಲೆಯಲ್ಲಿ ಬೆಳೆದ ಚಹಾ ಎಂದರೆ ನಾದಿನಿಯೂ ಒಂದು ಗುಟುಕು ಕುಡಿಯುತ್ತಾಳೆ. ಅಮ್ಮನಿಗೆ ಜೀರಿಗೆ-ಕೊತ್ತಂಬರಿಯ ಕಷಾಯವೇ ಆಗಬೇಕು. ಎದುರುಮನೆಯ ಕಾಕು ಬಂದರೆ ಯಾವ ಚೀಟಿಯನ್ನೂ ನೋಡುವುದಿಲ್ಲ, ಅವರ ಲೆಕ್ಕದಲ್ಲಿ ಚಹಾ ಕೊಡದ ಮನೆ ಮನೆಯೇ ಅಲ್ಲ.

ಮಕ್ಕಳ ಹೊಸ ಆಸೆಗೆ ನನ್ನ ಅಡ್ಡಿಯಿಲ್ಲ. ಸೋಮೇಶ್ವರನ ಕಾಲಕ್ಕೆ ನೀರಿನ ವಿಷಯದಲ್ಲಿದ್ದ ಕುತೂಹಲ ಇವರಿಗೆ ಎಲೆಯ ವಿಷಯದಲ್ಲಿದೆ, ಅಷ್ಟೆ. ನನ್ನ ಷರತ್ತು ಒಂದೇ. ಆ ದುಬಾರಿ ಪೆಟ್ಟಿಗೆಯ ಮೊದಲ ಲೋಟ ಹಬ್ಬದ ಬೆಳಗಿನ ನಾಲ್ಕು ಗಂಟೆಗೆ ಅಡುಗೆಮನೆಗೆ ಬರಲಿ, ಅದನ್ನು ಕಾಯಿಸುವವರು ಅಡುಗೆ ಮಾಡದವರಾಗಿರಲಿ.