ಕುಣಿಗಲ್ಲಿನ ಹುಲ್ಲು, ಬೆಂಗಳೂರಿನ ಗೋಪುರ

ಕುಣಿಗಲ್ ಎಂದೊಡನೆ ನಮಗೆ ಮೊದಲು ನೆನಪಾಗುವುದು ಕೆರೆ. ಜನಪದ ಹಾಡೊಂದು ಆ ಕೆರೆಯನ್ನು ನಾಡಿಗೆಲ್ಲ ಪರಿಚಯಿಸಿಬಿಟ್ಟಿದೆ. ಊರಿನ ಇನ್ನೊಂದು ಗುರುತಾದ ಕುದುರೆ ಫಾರಂಗೆ ಅಂಥ ಹಾಡಿನ ಭಾಗ್ಯ ಬರಲಿಲ್ಲ. ಪಟ್ಟಣಕ್ಕೆ ಅಂಟಿಕೊಂಡಿರುವ 400ಕ್ಕೂ ಹೆಚ್ಚು ಎಕರೆಯ ಈ ಹುಲ್ಲುನೆಲದಲ್ಲಿ ಟೌನ್‌ಶಿಪ್ ಕಟ್ಟುವ ಯೋಜನೆಯನ್ನು 2024ರಲ್ಲಿ ರಾಜ್ಯ ಸರ್ಕಾರ ಮುಂದಿಟ್ಟಿತು. ಊರು ಬೆಳೆಯಲಿ ಎಂಬವರು ಒಂದು ಕಡೆ, ಪರಂಪರೆ ಉಳಿಯಲಿ ಎಂಬವರು ಇನ್ನೊಂದು ಕಡೆ ನಿಂತರು. ಬೆಂಗಳೂರಿನ ರೇಸ್‌ಕೋರ್ಸನ್ನು ಇಲ್ಲಿಗೆ ತರುವ ಮಾತೂ ಇದರ ಜೊತೆಗೆ ಸೇರಿಕೊಂಡಿತು.

ಈ ಫಾರಂನ ಮೂಲ ಟಿಪ್ಪು ಸುಲ್ತಾನನ ಕಾಲದ್ದು. ದಕ್ಷಿಣದ ಅರಸರಿಗೆ ಕುದುರೆ ಯಾವತ್ತೂ ಕಡಲಾಚೆಯ ಸರಕು. ವಿಜಯನಗರದವರು ಅರಬ್ಬರಿಂದ, ಆಮೇಲೆ ಪೋರ್ಚುಗೀಸರಿಂದ ಹೊನ್ನು ಸುರಿದು ಕೊಳ್ಳುತ್ತಿದ್ದರು. ಹಡಗಿನಲ್ಲೇ ಎಷ್ಟೋ ಕುದುರೆಗಳು ಸಾಯುತ್ತಿದ್ದವು. ಕಡಲು ಇಂಗ್ಲಿಷರ ಹಿಡಿತಕ್ಕೆ ಜಾರುತ್ತಿದ್ದಾಗ ಅವರ ಮೇಲೆಯೇ ಯುದ್ಧ ಹೂಡಬೇಕಾದ ಅರಸನಿಗೆ ಕುದುರೆಯನ್ನು ಒಳನಾಡಿನಲ್ಲೇ ಬೆಳೆಸುವುದು ಅನಿವಾರ್ಯವಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಗೆದ್ದವರು ಟಿಪ್ಪುವಿನ ಎಷ್ಟೋ ವ್ಯವಸ್ಥೆಗಳನ್ನು ಕಿತ್ತುಹಾಕಿದರೂ ಕುಣಿಗಲ್ಲಿನ ಹುಲ್ಲನ್ನು ತಮ್ಮ ದಂಡಿಗೇ ಬಳಸಿಕೊಂಡರು. ಮುಂದೆ ಅದು ಮೈಸೂರು ಸಂಸ್ಥಾನಕ್ಕೆ, ಆಮೇಲೆ ರಾಜ್ಯದ ಪಶುಸಂಗೋಪನಾ ಇಲಾಖೆಗೆ ಬಂತು. 1992ರಲ್ಲಿ ಸರ್ಕಾರ ಇದನ್ನು ಯುಬಿ ಸಮೂಹಕ್ಕೆ 30 ವರ್ಷದ ಗುತ್ತಿಗೆಗೆ ಕೊಟ್ಟಿತು. ದಂಡಿನ ಕುದುರೆ ಹುಟ್ಟುತ್ತಿದ್ದ ಜಾಗದಲ್ಲಿ ರೇಸಿನ ಕುದುರೆ ಹುಟ್ಟತೊಡಗಿತು.

ಟೌನ್‌ಶಿಪ್ ಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್ ಆಸುಪಾಸು. ಮಂಗಳೂರಿನ ಹೆದ್ದಾರಿ ಹಿಂದಿನಿಂದಲೂ ಇತ್ತು, 2017ರಲ್ಲಿ ಹಾಸನಕ್ಕೆ ರೈಲೂ ಬಂತು. ಫಾರಂನ ಗೇಟು ಊರಿನವರಿಗೆ ತೆರೆದದ್ದೇ ಕಡಿಮೆ. ಶ್ರೀಮಂತರ ಕುದುರೆ ಮೇಯಲಿಕ್ಕೆ ನಮ್ಮೂರ ನೆಲ ಯಾಕೆ ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಕಷ್ಟ. ನಡುವೆ ನಿಂತವರು ಹೇಳುವುದು ಬೇರೆ: ಅಡ್ಡಕ್ಕೆ ಹರಡದೆ ಎತ್ತರಕ್ಕೆ ಕಟ್ಟಿ, ಮನೆಯೂ ಆಯಿತು ನೆಲವೂ ಉಳಿಯಿತು. ಕೇಳಲು ಸೊಗಸಾಗಿದೆ. ಎತ್ತರದ ಬಗ್ಗೆ ನಮಗೊಂದು ಬೆರಗೂ ಇದೆ. 1973ರಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಎದ್ದಂದಿನಿಂದ ಅಂತಸ್ತು ಎಣಿಸುವುದೇ ಪ್ರಗತಿಯನ್ನು ಅಳೆಯುವ ರೀತಿಯಾಗಿಬಿಟ್ಟಿದೆ.

ಎತ್ತರದ ಈ ವಾದವನ್ನು ಒರೆಗೆ ಹಚ್ಚಲು ದೂರ ಹೋಗಬೇಕಿಲ್ಲ. ಕುಣಿಗಲ್ ಫಾರಂನ ಗುತ್ತಿಗೆ ಹಿಡಿದಿದ್ದ ಸಮೂಹದ ಮುಖ್ಯಸ್ಥರಾಗಿದ್ದ ವಿಜಯ್ ಮಲ್ಯ ಅವರ ಕುಟುಂಬದ ಹಳೆಯ ಮನೆ ಬೆಂಗಳೂರಿನ ನಡುಮಧ್ಯದಲ್ಲಿತ್ತು. ಆ ಜಾಗದಲ್ಲಿ ಈಗ 34 ಅಂತಸ್ತಿನ ಕಿಂಗ್‌ಫಿಷರ್ ಟವರ್ಸ್ ನಿಂತಿದೆ, ನೆತ್ತಿಯ ಮೇಲೊಂದು ಬಿಳಿ ಬಂಗಲೆ ಹೊತ್ತು. ಜಾಗ ಸುಮಾರು ನಾಲ್ಕೂವರೆ ಎಕರೆ. ಮನೆಗಳು 80ಕ್ಕಿಂತ ತುಸು ಹೆಚ್ಚು. ಅಂದರೆ ಎಕರೆಗೆ ಹೆಚ್ಚುಕಡಿಮೆ 18 ಮನೆ.

ಈಗ ತುಮಕೂರಿನ ಯಾವುದೇ ಬಡಾವಣೆಯ ಲೆಕ್ಕ ಹಾಕೋಣ. ಒಂದು ಎಕರೆ ಎಂದರೆ 43,560 ಚದರಡಿ. ರಸ್ತೆ, ಪಾರ್ಕು ಇತ್ಯಾದಿಗೆ ಅರ್ಧ ಬಿಟ್ಟು ಉಳಿದದ್ದನ್ನು 30x40ರ ಸೈಟುಗಳಾಗಿ ಸೀಳಿದರೆ ಸಿಗುವುದು 18 ಸೈಟು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದುಕೊಂಡು ಎಷ್ಟೋ ಹೊತ್ತು ನೋಡಿದ್ದೇನೆ. ಮುಗಿಲು ಮುಟ್ಟುವ ಗೋಪುರವೂ ಗುಬ್ಬಿ ಗೇಟಿನಾಚೆಯ ಸಾಮಾನ್ಯ ಲೇಔಟೂ ಒಂದು ಎಕರೆಯಲ್ಲಿ ಅಷ್ಟೇ ಸಂಸಾರಗಳನ್ನು ಇಡುತ್ತವೆ!

ಇನ್ನೊಂದು ಲೆಕ್ಕವೂ ಇದೆ. ನಿವೇಶನದ ಅರ್ಧ ಭಾಗದಲ್ಲಿ ಬರೀ ನಾಲ್ಕು ಅಂತಸ್ತು ಏರಿಸಿದರೆ ಎಕರೆಗೆ 87,120 ಚದರಡಿ ಕಟ್ಟಡ ಸಿಗುತ್ತದೆ. ಮೆಟ್ಟಿಲು, ಓಡಾಟದ ಜಾಗ ಕಳೆದರೂ ಹತ್ತು ಚದರದ 65 ಮನೆಗಳಾದರೂ ಆಗುತ್ತವೆ. ಫಾರಂನ 400 ಎಕರೆಯನ್ನೂ ಸೈಟು ಮಾಡಿದರೆ ಸಿಗುವ 7,200 ಮನೆಗಳನ್ನು ಹೀಗೆ ಕಟ್ಟಲು 111 ಎಕರೆ ಸಾಕು. ಅಷ್ಟು ಜಾಗವನ್ನು ಈಗಾಗಲೇ ಕಟ್ಟಿಕೊಂಡಿರುವ ಊರುಗಳ ಒಳಗೂ ಅಂಚಿಗೂ, ಬಳಸದೆ ಬಿಟ್ಟ ಸೈಟುಗಳಲ್ಲಿ ಮೊದಲು ಹುಡುಕಬೇಕು. ಎತ್ತರದ ಕಟ್ಟಡಕ್ಕೆ ಬೇಕಾದ ಲಿಫ್ಟು, ಜನರೇಟರು, ಬೆಂಕಿ ಆರಿಸುವ ಏರ್ಪಾಡು ಸಣ್ಣ ಊರಿಗೆ ಭಾರವೇ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಸತ್ತರು. ಅದು ಏಳು ಅಂತಸ್ತಿನದು ಅಷ್ಟೇ.

ಹುಲ್ಲುನೆಲ ಕಾಣೆಯಾಗುವುದು ಈ ಜಿಲ್ಲೆಗೆ ಹೊಸದಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರಲ್ಲಿ ಶಂಕುಸ್ಥಾಪನೆ, 2023ರಲ್ಲಿ ಉದ್ಘಾಟನೆ. ಕಾರ್ಖಾನೆ ಬೇಡವೆಂದು ನಾನು ಹೇಳಲಾರೆ. ಆದರೆ ಆ ಹೆಸರಿನ ಕೊನೆಯ ಪದವನ್ನು ಗಮನಿಸಿ. ಕಾವಲು ಎಂದರೆ ಉಳದೆ, ಕಟ್ಟದೆ, ದನಕ್ಕೆಂದು ಕಾದಿಟ್ಟ ಮೇವಿನ ನೆಲ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಗುವಷ್ಟರಲ್ಲಿ ಇಂಥ ಕಾವಲುಗಳು ತುಮಕೂರು, ಹಾಸನ, ಚಿತ್ರದುರ್ಗದ ಸೀಮೆಯಲ್ಲೆಲ್ಲ ಹರಡಿದ್ದವು. ಫಿರಂಗಿ ಎಳೆಯುವ ಎತ್ತುಗಳು ಅಲ್ಲಿ ಬೆಳೆದವು, ಕುದುರೆಗಳು ಕುಣಿಗಲ್ಲಿನಲ್ಲಿ. ಇಂದಿನ ಕಡತಕ್ಕೆ ಇವೆಲ್ಲ ಖಾಲಿ ಜಾಗ, ಸುಲಭವಾಗಿ ಸಿಗುವ ಜಾಗ. ಅದನ್ನು ಖಾಲಿಯಾಗಿ ಉಳಿಸಲು ತಲೆಮಾರುಗಟ್ಟಲೆ ಆಳುಗಳು ಕಾವಲು ಕಾದದ್ದಕ್ಕೆ ಪಹಣಿಯಲ್ಲಿ ಕಾಲಂ ಇಲ್ಲ.

ಕುಣಿಗಲ್ಲಿನಲ್ಲಿ ಮನೆ ಬೇಕಾದವರು ಯಾರು? ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಲಾರದೆ ದಿನವೂ ರೈಲು ಹತ್ತುವವರೋ, ವಾರಾಂತ್ಯಕ್ಕೆ ಬಂದು ಹೋಗುವವರೋ? ಟೌನ್‌ಶಿಪ್ಪಿನ ನಕ್ಷೆ ಊರಿನ ಮುಂದೆ ಬಂದ ದಿನ ನಾನು ಅದರಲ್ಲಿ ಮೊದಲು ಹುಡುಕುವುದು ಎರಡೇ ಅಂಕಿ: ಎಕರೆಗೆ ಎಷ್ಟು ಮನೆ, ಮನೆ ಎಷ್ಟು ಚದರದ್ದು.