ತೊಣ್ಣೂರು ಕೆರೆಯ ಏರಿಯೂ ಕಾಯಕಧರ್ಮವೂ

ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಂಗತಿಯು ಶರಣಚರಿತ್ರೆಯನ್ನು ಬಲ್ಲವರಿಗೆಲ್ಲ ವಿದಿತವಾದುದು. ಅಲ್ಲಮಪ್ರಭುಗಳು ಅಲ್ಲಿಗೆ ಬಿಜಯಂಗೈದು, ಹೊರಗಿನ ಕೆರೆಯಲ್ಲಿ ತೊಡಗಿ ಒಳಗಿನ ಅರಿವನ್ನು ಮರೆಯಬಾರದೆಂದು ಅವರನ್ನೆಚ್ಚರಿಸಿದರೆಂದು ಶೂನ್ಯಸಂಪಾದನೆಯಿಂದ ತಿಳಿದುಬರುತ್ತದೆ. ಇದರಿಂದ ಕೆರೆ ಕಟ್ಟುವುದು ನಿಷಿದ್ಧವೆಂದು ಭಾವಿಸಲಾಗದು. ಕಟ್ಟಿದೆನೆಂಬ ಅಹಂಭಾವವೇ ನಿಷಿದ್ಧ. ಈ ತತ್ತ್ವಕ್ಕೆ ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯು ತಕ್ಕ ನಿದರ್ಶನವಾಗಿದೆ.

ಶ್ರೀರಂಗಪಟ್ಟಣದ ಬಯಲಿಗೆ ಕಾವೇರಿಯ ನಾಲೆಗಳೂ ಕೃಷ್ಣರಾಜಪೇಟೆಯ ಕೆಲವು ಗ್ರಾಮಗಳಿಗೆ ಹೇಮಾವತಿಯ ನಾಲೆಗಳೂ ಪೂರ್ವದಿಂದ ನೀರನ್ನೊದಗಿಸುತ್ತ ಬಂದವು. ನದಿಗೆ ದೂರವಾದ ನಾಗಮಂಗಲ, ಪಾಂಡವಪುರಗಳ ಎತ್ತರದ ನೆಲಕ್ಕಾದರೋ ಮಳೆನೀರನ್ನು ತಡೆಯುವ ಮಣ್ಣಿನ ಏರಿಯೇ ಆಧಾರವಾಗಿದ್ದಿತು.

ತೊಣ್ಣೂರಿನಲ್ಲಿ ಎರಡು ಕಲ್ಲುಗುಡ್ಡಗಳ ನಡುವಿನ ಕಂದರಕ್ಕೆ ಅಡ್ಡಲಾಗಿ ಏರಿಯನ್ನು ಹಾಕಲಾಗಿದೆ. ಶ್ರೀ ರಾಮಾನುಜಾಚಾರ್ಯರು ಇದನ್ನು ಕಟ್ಟಿಸಿ ತಿರುಮಲಸಾಗರವೆಂದು ಕರೆದರೆಂಬುದು ಐತಿಹ್ಯ. ಏರಿಯ ಎತ್ತರ 78 ಮೊಳ, ಉದ್ದ 150 ಮೊಳ, ತಳದ ದಪ್ಪ 250 ಮೊಳವೆಂದು ಹಿಂದಿನವರು ಬರೆದಿಟ್ಟಿದ್ದಾರೆ. ಉದ್ದಕ್ಕಿಂತಲೂ ತಳವೇ ಮಿಗಿಲಾಗಿರುವುದು ಗಮನಾರ್ಹ. ನೀರಿನ ಒತ್ತಡವು ಆಳಕ್ಕೆ ಹೋದಂತೆ ಹೆಚ್ಚುವುದರಿಂದ ಮಣ್ಣಿನ ಕಟ್ಟೆಗೆ ಬುಡದ ಅಗಲವೇ ಬಲ. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗನು ತಿಳಿನೀರನ್ನು ಕಂಡು ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಹೆಸರಿಟ್ಟನು. ನೀರಿಗೆ ಮತಭೇದವಿಲ್ಲ, ಹೆಸರು ಬದಲಾದರೂ ಗದ್ದೆಗಳು ಅದೇ ನೀರನ್ನುಂಡವು.

ಟಿಪ್ಪು ಸುಲ್ತಾನನ ಕಾಲದಲ್ಲಿ ಈ ಏರಿಯನ್ನು ಒಡೆಯಲಾಯಿತು, ಅನಂತರ ದುರಸ್ತಿಯಾಯಿತು. ಮಣ್ಣಿನ ಕಟ್ಟೆಗೆ ಶತ್ರುವೇ ಬೇಕೆಂದಿಲ್ಲ. ಇಲಿಯ ಬಿಲ, ಮರದ ಬೇರು, ಹೂಳು ತುಂಬಿದ ಕೋಡಿ ಇಷ್ಟೇ ಸಾಕು. ಕೋಡಿ ಕಟ್ಟಿದರೆ ನೀರು ಏರಿಯ ಮೇಲೆ ಹರಿದು ಒಂದೇ ರಾತ್ರಿಯಲ್ಲಿ ಅದನ್ನು ಕೊಚ್ಚಬಲ್ಲದು. ಇದನ್ನರಿತೇ ಪೂರ್ವಿಕರು ಕೆರೆ ಕಟ್ಟಿದವರಿಗೆ ಕಟ್ಟುಕೊಡಗೆಯನ್ನೂ, ಕೆರೆಯ ಪೋಷಣೆಗೆ ಬಿತ್ತುವಟ್ಟವನ್ನೂ ಬಿಟ್ಟುಕೊಟ್ಟುದು ಶಾಸನಗಳಿಂದ ವ್ಯಕ್ತವಾಗುತ್ತದೆ. ತೂಬನ್ನು ಕಾಯ್ದ ನೀರಗಂಟಿ, ಹೂಳೆತ್ತಿದ ರೈತ, ಮಣ್ಣು ಹೊತ್ತ ಒಡ್ಡ, ಇವರ ಹೆಸರುಗಳು ಯಾವ ಕಲ್ಲಿನಲ್ಲಿಯೂ ಸಾಮಾನ್ಯವಾಗಿ ದೊರೆಯವು.

ಕಟ್ಟಿಸಿದವರ ಕೀರ್ತಿ ಒಂದು ಕಾಲದ್ದು; ಕಾಪಾಡಿದವರ ದುಡಿಮೆ ವರ್ಷವರ್ಷದ್ದು. ಫಲವನ್ನೆಲ್ಲ ಸಮುದಾಯಕ್ಕೊಪ್ಪಿಸಿ ತಾನು ಮರೆಯಾಗುವ ಈ ದುಡಿಮೆಯೇ ಕಾಯಕ, ಅದೇ ದಾಸೋಹ. ಮಠಗಳ ಬಾಳಿಗೂ ಇದೇ ನಿಯಮ. ಭಕ್ತರು ತಮ್ಮೂರ ಕೆರೆಯ ಕೋಡಿಯನ್ನು ಮುಂಗಾರಿಗೆ ಮೊದಲು ಶುಚಿಗೊಳಿಸುವುದಾದರೆ, ಅದು ಸಿದ್ಧರಾಮೇಶ್ವರರಿಗೆ ಸಲ್ಲುವ ಪೂಜೆಯೇ ಸರಿ.