ಊರಿನವರಿಗೂ ಸೀಟಿದ್ದ ಗಾಡಿ

ಐರ್ಲೆಂಡಿನ ನೈರುತ್ಯ ಮೂಲೆಯಲ್ಲಿರುವ ಕಿಲಾರ್ನಿ ಪಟ್ಟಣದಿಂದ ಬೇಸಿಗೆಯ ಬೆಳಿಗ್ಗೆ ಹೊರಡುವ ಪ್ರವಾಸಿ ಕೋಚುಗಳೆಲ್ಲ ಒಂದೇ ದಿಕ್ಕು ಹಿಡಿಯುತ್ತವೆ. ‘ರಿಂಗ್ ಆಫ್ ಕೆರಿ’ ಎಂಬ ಸುಮಾರು 180 ಕಿಲೋಮೀಟರಿನ ಆ ಸುತ್ತುದಾರಿ ಅಲ್ಲಲ್ಲಿ ತೀರಾ ಕಿರಿದು. ಎರಡು ಕೋಚುಗಳು ಎದುರುಬದುರಾದರೆ ಕಷ್ಟವೆಂದು ಎಲ್ಲವೂ ಅಪ್ರದಕ್ಷಿಣವಾಗಿ ಸುತ್ತುವುದು ಅಲ್ಲಿನ ರೂಢಿ. ಕಿಲ್ಲಾರ್ಗ್ಲಿನ್ ದಾಟಿ, ಗ್ಲೆನ್‌ಬೇ ಬಳಿ ಹಳೆಯ ಕಾಲದ ಹುಲ್ಲುಮಾಡಿನ ಮನೆಗಳನ್ನು ಮತ್ತೆ ಕಟ್ಟಿ ತೋರಿಸುವ ಪ್ರದರ್ಶನ ಗ್ರಾಮವನ್ನು ನೋಡಿ, ವಾಟರ್‌ವಿಲ್‌ನ ಕಡಲ ದಂಡೆ, ಸ್ನೀಮ್, ಲೇಡೀಸ್ ವ್ಯೂ ಎಂದು ಸುತ್ತಿ ಸಂಜೆಗೆ ಮರಳುವುದು ಆ ದಿನದ ಕ್ರಮ. ಚಾಲಕನೇ ಮೈಕಿನಲ್ಲಿ ಕಥೆ ಹೇಳುತ್ತಾನೆ. ಇಂಥ ಪ್ರವಾಸದ ಮೇಲಿನ ದೂರು ಎಲ್ಲರಿಗೂ ಗೊತ್ತಿರುವುದೇ: ಗುಂಪಿನಲ್ಲಿ ಹೋದವರು ಏನನ್ನೂ ನೋಡುವುದಿಲ್ಲ, ಗಡಿಯಾರಕ್ಕೆ ಕಟ್ಟುಬಿದ್ದ ಪಯಣ ಪಯಣವೇ ಅಲ್ಲ. ಐರ್ಲೆಂಡಿನ ರಸ್ತೆಗಳ ಚರಿತ್ರೆ ಈ ದೂರನ್ನು ಒಪ್ಪುವುದಿಲ್ಲ. ಗುಂಪೂ ವೇಳಾಪಟ್ಟಿಯೂ ಗೊತ್ತಾದ ನಿಲುಗಡೆಯೂ ಆ ನಾಡಿನ ಹಳ್ಳಿಗಾಡಿಗೆ ಇನ್ನೂರು ವರ್ಷಗಳಿಂದ ಒಗ್ಗಿಹೋದ ಸಂಗತಿಗಳು. ಕೋಚಿನ ನಿಜವಾದ ಕೊರತೆ ಬೇರೆಯೇ ಇದೆ: ಅದು ಹಾದುಹೋಗುವ ಊರುಗಳ ಜನಕ್ಕೆ ಅದರಲ್ಲಿ ಸೀಟಿಲ್ಲ.

ಈ ಮಾತಿಗೆ ಮುಖ್ಯ ಸಾಕ್ಷಿ ಚಾರ್ಲ್ಸ್ ಬಿಯಾಂಕೋನಿ. 1786ರಲ್ಲಿ ಇಟಲಿಯ ಕೋಮೋ ಸರೋವರದ ಸೀಮೆಯಲ್ಲಿ ಹುಟ್ಟಿದ ಈತ 1802ರಲ್ಲಿ ಹದಿಹರೆಯದ ಹುಡುಗನಾಗಿ ಡಬ್ಲಿನ್ನಿಗೆ ಬಂದ. ಅಚ್ಚಿನ ಚಿತ್ರಗಳ ಪೆಟ್ಟಿಗೆ ಹೊತ್ತು ಹಳ್ಳಿಯಿಂದ ಹಳ್ಳಿಗೆ ನಡೆದು ಮಾರಿದ. ದುಡ್ಡಿದ್ದವನಿಗೆ ಗಾಡಿ, ಇಲ್ಲದವನಿಗೆ ಕಾಲ್ನಡಿಗೆ ಎಂಬ ಏರ್ಪಾಡನ್ನು ಅವನ ಕಾಲುಗಳೇ ಅರಿತಿದ್ದವು. ನೆಪೋಲಿಯನ್ನನ ವಿರುದ್ಧದ ಯುದ್ಧ ಮುಗಿದು ಸೈನ್ಯದ ಕುದುರೆಗಳು ಅಗ್ಗವಾಗುತ್ತಿದ್ದ ಹೊತ್ತು ಅದು. 1815ರ ಜುಲೈ 6ರಂದು ಟಿಪ್ಪರರಿ ಜಿಲ್ಲೆಯ ಕ್ಲಾನ್‌ಮೆಲ್‌ನಿಂದ ಕ್ಯಾಹರ್‌ಗೆ ಅವನ ಮೊದಲ ಕುದುರೆಗಾಡಿ ಹೊರಟಿತು. ಮುಂದೆ ಬ್ರಿಟಿಷ್ ವಿಜ್ಞಾನ ಸಂಘದ ಸಭೆಯಲ್ಲಿ ತನ್ನ ಉದ್ಯಮದ ವರದಿ ಓದಿದಾಗ ಅವನು ಕೊಟ್ಟ ಉದಾಹರಣೆ ಒಬ್ಬ ರೈತನದು. ಪೇಟೆಯಿಂದ ಇಪ್ಪತ್ತು ಮೂವತ್ತು ಮೈಲಿ ದೂರದಲ್ಲಿರುವ ರೈತ ಮೊದಲ ದಿನ ಕುದುರೆಯೇರಿ ಪೇಟೆ ತಲುಪುತ್ತಿದ್ದ, ಎರಡನೆಯ ದಿನ ವ್ಯವಹಾರ ಮುಗಿಸುತ್ತಿದ್ದ, ಮೂರನೆಯ ದಿನ ಊರಿಗೆ ಮರಳುತ್ತಿದ್ದ. ಗಾಡಿ ಬಂದ ಮೇಲೆ ಅದೇ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಮನೆಯ ಕುದುರೆಯೂ ಉಳುಮೆಗೆ ಉಳಿಯಿತು. ಬಡವನ ದಿನಕ್ಕೆ ಬೆಲೆ ಕಟ್ಟಿದ ಲೆಕ್ಕ ಇದು.

ಆ ಗಾಡಿಯ ರಚನೆಯನ್ನು ತುಸು ಹತ್ತಿರದಿಂದ ನೋಡಬೇಕು. ಪ್ರಯಾಣಿಕರು ಕುದುರೆಯ ಕಡೆಗೆ ಮುಖ ಮಾಡಿ ಕೂರುತ್ತಿರಲಿಲ್ಲ. ಎರಡು ಸಾಲಾಗಿ, ಬೆನ್ನಿಗೆ ಬೆನ್ನು ಕೊಟ್ಟು, ರಸ್ತೆಯ ಬದಿಗೆ ಮುಖ ಮಾಡಿ ಕೂರುತ್ತಿದ್ದರು. ಕಾಲಿಡಲು ಚಕ್ರದ ಹೊರಗೆ ಒಂದು ಹಲಗೆ, ನಡುವಿನ ತಗ್ಗಿನಲ್ಲಿ ಗಂಟುಮೂಟೆ. ತಲೆಯ ಮೇಲೆ ಮಾಡಿಲ್ಲ. ಮಳೆ ಬಂದರೆ ತೊಡೆಯ ಮೇಲೆ ಎಳೆದುಕೊಳ್ಳುವ ಹೊದಿಕೆಯಷ್ಟೇ ಗತಿ. ಕಾಲ ಕಳೆದಂತೆ ಇಪ್ಪತ್ತು ಜನ ಹಿಡಿಸುವ ನಾಲ್ಕು ಚಕ್ರದ ಉದ್ದ ಗಾಡಿಗಳೂ ಬಂದವು. ಪೇಟೆಗೆ ಹೊರಟವರು, ಟಪಾಲಿನ ಚೀಲ, ದೇಶ ನೋಡಲು ಬಂದ ಇಂಗ್ಲಿಷ್ ಯಾತ್ರಿಕ ಎಲ್ಲವೂ ಒಂದೇ ಹಲಗೆಯ ಮೇಲೆ ಸಾಗಿದವು. 1842ರಲ್ಲಿ ಐರ್ಲೆಂಡ್ ಸುತ್ತಿ ಮರುವರ್ಷ ಪ್ರವಾಸ ಕಥನ ಪ್ರಕಟಿಸಿದ ಕಾದಂಬರಿಕಾರ ಥ್ಯಾಕರೆಯೂ ಈ ಗಾಡಿಗಳನ್ನು ಹತ್ತಿದವನೇ. 1840ರ ದಶಕದ ಹೊತ್ತಿಗೆ ಬಿಯಾಂಕೋನಿಯ ಸುಮಾರು 100 ಗಾಡಿಗಳು ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಮೈಲಿ ಓಡುತ್ತಿದ್ದವು. ಕುದುರೆ ಬದಲಿಸುವ ಠಾಣೆಗಳು ನೂರಕ್ಕೂ ಹೆಚ್ಚಿದ್ದವು. ಅಲ್ಲಿಗೆ ಬೇಕಾದ ಹುಲ್ಲು, ಓಟ್ಸ್ ಆಯಾ ಊರಿನ ರೈತರಿಂದಲೇ ಬರುತ್ತಿತ್ತು. ನಾಲ್ಕು ದಶಕಗಳ ಕಾಲ ಹಗಲೂ ರಾತ್ರಿ ನಿರ್ಜನ ದಾರಿಗಳಲ್ಲಿ ಟಪಾಲು ಹೊತ್ತು ಓಡಿದರೂ ಜನ ತನ್ನ ಆಸ್ತಿಗೆ ಕಿಂಚಿತ್ತೂ ಹಾನಿ ಮಾಡಲಿಲ್ಲವೆಂದು ಅವನು 1857ರಲ್ಲಿ ಹೇಳಿಕೊಂಡ. ಜಮೀನ್ದಾರಿಯ ವಿರುದ್ಧ ರಾತ್ರಿದಾಳಿಗಳು ಸಾಮಾನ್ಯವಾಗಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಗಾಡಿ ತಮ್ಮದೆಂದು ಜನ ತಿಳಿದಿದ್ದರು ಎಂಬುದೇ ಇದಕ್ಕೆ ನಂಬಬಹುದಾದ ಕಾರಣ.

ಹಳೆಯದನ್ನು ಹೀಗೆ ಹೊಗಳುವುದರಲ್ಲಿ ಅಪಾಯವಿದೆ ಎಂದು ಯಾರಾದರೂ ಎಚ್ಚರಿಸಿದರೆ ಅದು ನ್ಯಾಯವೇ. ಒಂದೇ ಹಲಗೆಯ ಮೇಲೆ ಕೂತ ಮಾತ್ರಕ್ಕೆ ಯಾತ್ರಿಕನೂ ರೈತನೂ ಸಮಾನರಾಗಲಿಲ್ಲ. ಒಬ್ಬನಿಗೆ ದೃಶ್ಯವಾದದ್ದು ಇನ್ನೊಬ್ಬನಿಗೆ ಬದುಕಾಗಿತ್ತು. ಗಾಡಿ ನಿಂತಲ್ಲೆಲ್ಲ ಭಿಕ್ಷುಕರು ಮುತ್ತುತ್ತಿದ್ದುದನ್ನು ಆ ಕಾಲದ ಪ್ರವಾಸಿಗರು ಪದೇ ಪದೇ ಬರೆದಿದ್ದಾರೆ. ರಸ್ತೆಗಳ ಹುಟ್ಟೂ ಸುಖದ ಕಥೆಯಲ್ಲ. 1822ರ ಬರದ ನಂತರ ಅಲೆಕ್ಸಾಂಡರ್ ನಿಮ್ಮೊ, ರಿಚರ್ಡ್ ಗ್ರಿಫಿತ್ ಮೊದಲಾದ ಸರ್ಕಾರಿ ಎಂಜಿನಿಯರುಗಳು ಪಶ್ಚಿಮ ಮತ್ತು ನೈರುತ್ಯದ ಬೆಟ್ಟಸೀಮೆಗಳಲ್ಲಿ ರಸ್ತೆ ಕಡಿಸಿದ್ದು ಹಸಿದವರಿಗೆ ಕೂಲಿ ಕೊಡುವ ನೆಪದಲ್ಲೂ ಹೌದು. ಆಲೂಗಡ್ಡೆ ಕೊಳೆತುಹೋದ ಮಹಾಕ್ಷಾಮದಲ್ಲಿ, 1847ರ ಮಾರ್ಚ್ ಹೊತ್ತಿಗೆ, ಏಳು ಲಕ್ಷಕ್ಕೂ ಹೆಚ್ಚು ಜನ ಇಂಥ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದರು, ಮಣ್ಣು ಹೊರುತ್ತಿದ್ದರು. ಎಲ್ಲಿಗೂ ತಲುಪದೆ ಗುಡ್ಡದ ಮೇಲೆ ನಿಂತುಹೋದ ದಾರಿಗಳು ಇಂದಿಗೂ ಇವೆ. ಇವೆಲ್ಲ ನನ್ನ ವಾದವನ್ನು ಗಟ್ಟಿ ಮಾಡುತ್ತವೆಯೇ ಹೊರತು ಸಡಿಲಿಸುವುದಿಲ್ಲ. ಯಾರ ಹಸಿವಿನಿಂದ ರಸ್ತೆ ಆಯಿತೋ ಅವರ ಮೊಮ್ಮಕ್ಕಳಿಗೆ ಆ ರಸ್ತೆಯ ವಾಹನದಲ್ಲಿ ಹಕ್ಕಿರಬೇಕು ಎಂಬುದು ಕರುಣೆಯ ಬೇಡಿಕೆಯಲ್ಲ, ಬಾಕಿಯ ಲೆಕ್ಕ.

ಊರಿನವರ ಗಾಡಿ, ಪ್ರವಾಸಿಗರ ಗಾಡಿ ಎಂಬ ಬೇರ್ಪಡಿಕೆ ಒಂದೇ ದಿನ ಆಗಲಿಲ್ಲ. 1853ರಲ್ಲಿ ಕಿಲಾರ್ನಿಗೆ ರೈಲು ಬಂತು, ಮರುವರ್ಷ ರೈಲ್ವೆಯದೇ ದೊಡ್ಡ ಹೋಟೆಲ್ ತೆರೆಯಿತು. 1861ರ ಆಗಸ್ಟಿನಲ್ಲಿ ವಿಕ್ಟೋರಿಯಾ ರಾಣಿ ಕಿಲಾರ್ನಿಯಲ್ಲಿ ತಂಗಿದಳು. ಅವಳ ಸಖಿಯರು ಮೆಚ್ಚಿದ ನೋಟವೇ ಇಂದಿನ ಲೇಡೀಸ್ ವ್ಯೂ. ಪ್ರವಾಸಿಗರು ಸರೋವರಕ್ಕೆ ಬೇರೆ ಗಾಡಿ, ಬೇರೆ ದೋಣಿ ಹಿಡಿಯತೊಡಗಿದರು. ಆದರೂ ಹಳ್ಳಿಗಾಡಿನ ಕವಲು ರೈಲುಗಳು ಹಳೆಯ ಬೆರಕೆಯನ್ನು ಬಹುಕಾಲ ಉಳಿಸಿದ್ದವು. 1893ರಲ್ಲಿ ತೆರೆದ ಕೆನ್‌ಮೇರ್ ಮತ್ತು ವ್ಯಾಲೆಂಶಿಯಾ ಹಾರ್ಬರ್ ಮಾರ್ಗಗಳಲ್ಲಿ ಮೀನು, ದನ, ಅಮೆರಿಕಕ್ಕೆ ವಲಸೆ ಹೊರಟವರು, ಪ್ರವಾಸಿಗರು ಒಂದೇ ಹಳಿಯ ಮೇಲೆ ಹೋದರು. ಎರಡೂ ಮಾರ್ಗಗಳು 1960ರಲ್ಲಿ ಮುಚ್ಚಿದವು. ಕ್ಲೇರ್ ಜಿಲ್ಲೆಯ ವೆಸ್ಟ್ ಕ್ಲೇರ್ ರೈಲು 1961ರಲ್ಲಿ ನಿಂತಿತು. ಸರ್ಕಾರಿ ಸಾರಿಗೆ ಸಂಸ್ಥೆ ನಷ್ಟವಿಲ್ಲದೆ ನಡೆಯಬೇಕೆಂದು 1958ರ ಕಾನೂನು ವಿಧಿಸಿತ್ತು. ಪ್ರವಾಸಿ ಕೋಚು ಆ ತೆರವಾದ ಜಾಗದಲ್ಲೇ ಬೆಳೆಯಿತು. ಊರಿನವರ ಬಸ್ಸು ಒಂದು ಖಾತೆ, ಪ್ರವಾಸಿಯ ಕೋಚು ಇನ್ನೊಂದು ಖಾತೆ ಎಂದಾದದ್ದು ಹೀಗೆ.

ಕೋಚಿನಲ್ಲಿ ಊರಿನವರಿಗೂ ಸೀಟಿರಬೇಕೆಂಬ ಮಾತಿಗೆ ಎರಡು ಆಕ್ಷೇಪಣೆಗಳುಂಟು. ಕೋಚಿನಿಂದ ಊರಿಗೆ ದುಡ್ಡು ಬರುತ್ತದಲ್ಲ ಎಂಬುದು ಮೊದಲನೆಯದು. ಬರುತ್ತದೆ. ಆದರೆ ಕೋಚು ನಿಲ್ಲುವ ಊರಿಗೆ ಬರುತ್ತದೆ, ಹಾದುಹೋಗುವ ಊರಿಗೆ ಬರುವುದಿಲ್ಲ. ಪ್ರತಿ ಠಾಣೆಯಲ್ಲೂ ಹುಲ್ಲು ಕೊಳ್ಳಲೇಬೇಕಿದ್ದ ಕುದುರೆಗಾಡಿಯ ಹಣ ದಾರಿಯುದ್ದಕ್ಕೂ ಹರಡುತ್ತಿತ್ತು. ಎರಡನೆಯ ಆಕ್ಷೇಪಣೆ ಹೆಚ್ಚು ಬಲವಾದದ್ದು: ಫೋಟೋಗೆ ನಿಲ್ಲುವ ವಾಹನದಲ್ಲಿ ಆಸ್ಪತ್ರೆಗೆ ಹೊರಟವರು ಹೇಗೆ ಹೋಗಬೇಕು, ಅವರಿಗೆಂದೇ ‘ಲೋಕಲ್ ಲಿಂಕ್’ ಎಂಬ ಗ್ರಾಮೀಣ ಸಾರಿಗೆಯ ಸಣ್ಣ ಬಸ್ಸುಗಳಿವೆಯಲ್ಲ? ಆ ಬಸ್ಸುಗಳು ಒಳ್ಳೆಯ ಕೆಲಸವನ್ನೇ ಮಾಡುತ್ತಿವೆ. ಆದರೆ ಅವು ನಿಂತಿರುವುದು ಸರ್ಕಾರದ ಅನುದಾನದ ಮೇಲೆ. ಅನುದಾನ ಕುಗ್ಗಿದ ವರ್ಷ ಮೊದಲು ಹೊಡೆತ ಬೀಳುವುದು ಕೊನೆಯ ಹಳ್ಳಿಗೇ. ಬಿಯಾಂಕೋನಿ ದಾನಿಯಲ್ಲ, ಲಾಭಕ್ಕೆ ದುಡಿದ ವ್ಯಾಪಾರಿ. ಟಪಾಲಿನ ಗುತ್ತಿಗೆ, ಸಾಮಾನು, ಊರಿನವರು, ಪರದೇಶಿಗಳು ಎಲ್ಲರೂ ಸೇರಿ ಒಂದು ಓಟದ ಖರ್ಚು ಹೊತ್ತದ್ದರಿಂದಲೇ ಜನವಿರಳ ದಾರಿಗಳಲ್ಲೂ ಅವನ ಗಾಡಿ ಓಡಿತು.

ಎಲ್ಲ ಕೋಚುಗಳನ್ನೂ ಊರ ಬಸ್ಸಾಗಿ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಆದರೆ ಸುತ್ತುದಾರಿಯ ಕೆಲವು ಓಟಗಳಲ್ಲಿ ಸ್ನೀಮ್‌ನಿಂದ ಕೆನ್‌ಮೇರ್‌ಗೆ ಹೋಗುವವರಿಗೂ ಟಿಕೆಟ್ ಸಿಗುವಂತೆ ಪರವಾನಗಿಯ ಷರತ್ತು ಬರೆಯುವುದು ಅಸಾಧ್ಯವಲ್ಲ. ಬೇಸಿಗೆಯ ಪ್ರವಾಸಿಯ ದುಡ್ಡಿನಲ್ಲಿ ಒಂದು ಪಾಲು ಚಳಿಗಾಲದ ಬಸ್ಸಿಗೆ ಮೀಸಲಾಗಲಿ ಎಂಬುದೂ ಅತಿಯಾದ ಕೇಳಿಕೆಯಲ್ಲ. ಇದರಿಂದ ಪ್ರವಾಸಿಗೂ ನಷ್ಟವಿಲ್ಲ. ಐರ್ಲೆಂಡಿನ ಹಳ್ಳಿಗಾಡನ್ನು ಅರಿಯಬೇಕೆಂದು ಬಂದವರಿಗೆ ಕಿಟಕಿಯಾಚೆಯ ಬೆಟ್ಟ ಎಷ್ಟು ಮುಖ್ಯವೋ ಪಕ್ಕದ ಸೀಟಿನಲ್ಲಿ ಕೂತ ಊರಿನ ಮನುಷ್ಯನೂ ಅಷ್ಟೇ ಮುಖ್ಯ. ಹಳೆಯ ಗಾಡಿ ಎರಡನ್ನೂ ಒಂದೇ ದರಕ್ಕೆ ಕೊಟ್ಟಿತ್ತು. ಹೊಸ ಕೋಚು ಒಂದನ್ನಷ್ಟೇ ಕೊಡುತ್ತಿದೆ.